ತವಿತನ ಚಾಪೆ, ನಮ್ಮತ್ತೆಯ ಸೀರೆ

ನಮ್ಮತ್ತೆಯ ಒಂಬತ್ತು ವಾರಿ ಸೀರೆ ಮೊನ್ನೆಯಿಂದ ಪಡಸಾಲೆಯ ಕುರ್ಚಿಯ ಮೇಲೆ ಬಿದ್ದಿದೆ. ಆ ಕುರ್ಚಿಯೂ ಅವರದೇ. ಮನೆಗೆ ಬಂದವರು ಅಲ್ಲಿ ಯಾರೋ ಹಿರಿಯರು ಕೂತಿದ್ದಾರೆ ಎನ್ನುವ ಹಾಗೆ ಸುತ್ತುಹಾಕಿ ಹೋಗಿ ದಿವಾನದ ಮೇಲೆ ಕೂಡುತ್ತಾರೆ. "ಅದನ್ನ ಎತ್ತಿ ಇಡಬಾರದೇನು?" ಎಂದು ನಮ್ಮವರು ನಿನ್ನೆಯಿಂದ ಗೊಣಗುತ್ತಿದ್ದಾರೆ. ಎತ್ತುವುದು ಕಷ್ಟವಲ್ಲ, ಎತ್ತಿದ ಮೇಲೆ ಎಲ್ಲಿಡುವುದು ಎಂಬುದೇ ತಿಳಿಯುತ್ತಿಲ್ಲ. ಟ್ರಂಕಿಗೆ ಹಾಕಿದರೆ ನಮ್ಮ ಮನೆಯಲ್ಲಿ ಉಳಿಯುತ್ತದೆ. ಮೇಲಿನ ಖೋಲಿಯ ತವಿತನ ಕೈಗೆ ಕೊಟ್ಟರೆ, ನಾಳೆ ಮುಂಜಾನೆ ಅವನ ಜೊತೆ ಹೊರಟು, ಸಮುದ್ರದಾಚೆ ಹೋಗಿ, ತುಂಡು ತುಂಡಾಗಿ, ನಾನು ಮುಖ ನೋಡದ ಹೆಂಗಸರ ಪಾಲಾಗುತ್ತದೆ. ಬುದ್ಧಿ ಇದ್ದವರು ಇಂಥದಕ್ಕೆ ಒಂದು ನಿಮಿಷ ಯೋಚಿಸಲಿಕ್ಕಿಲ್ಲ. ನನಗೆ ಮೊನ್ನೆಯಿಂದ ಬೇರೆ ಯೋಚನೆಯೇ ಇಲ್ಲ.

ಈ ತವಿತ ಯಾರು ಎಂದು ನೀವು ಕೇಳುವುದು ನ್ಯಾಯವೇ. ಕಲಬುರಗಿಯ ನಮ್ಮ ಖೂಬಾ ಪ್ಲಾಟಿನಲ್ಲಿ ಎಲ್ಲರೂ ಕೇಳಿ ಮುಗಿಸಿದ್ದಾರೆ. ನಮ್ಮ ಮೇಲಿನ ಖೋಲಿಯ ಬಾಗಿಲಿಗೆ ದಿನಕ್ಕೊಮ್ಮೆ ಹಣೆ ಬಡಿದುಕೊಳ್ಳುವಷ್ಟು ಎತ್ತರದ ಆಳು ಅವನು. ಕಮಲಾಪುರ ರಸ್ತೆಯಲ್ಲಿರುವ ಒಂದು ವಸತಿ ಶಾಲೆಯವರು ಮಕ್ಕಳಿಗೆ ರಗ್ಬಿ ಕಲಿಸಲು ಅವನನ್ನು ಕರೆಸಿಕೊಂಡಿದ್ದಾರೆ. ಕಬಡ್ಡಿ ಆಡಿಕೊಂಡು ಸುಖವಾಗಿದ್ದ ನಮ್ಮ ಹುಡುಗರು ಈಗ ಮೊಟ್ಟೆಯಂಥ ಚೆಂಡು ಬಗಲಲ್ಲಿ ಹಿಡಿದು ಓಡುತ್ತಾರೆ.

"ಯಾವ ಊರಪಾ ನಿಂದು?" ಎಂದು ಕೇಳಿದರೆ ಅವನು ಅಜ್ಜನಿಂದ ಶುರು ಮಾಡುತ್ತಿದ್ದ. ಪೆಸಿಫಿಕ್ ಸಮುದ್ರದ ನಡುವೆ ಸಮೋವಾ ಎಂಬ ದ್ವೀಪವಿದೆ, ಅವನು ಅಲ್ಲಿಯವನು. ಅಲ್ಲಿಯವನು ಎಂದರೆ ಅಲ್ಲಿ ಹುಟ್ಟಿದವನಲ್ಲ, ಅಲ್ಲಿ ಕಾಲಿಟ್ಟವನೂ ಅಲ್ಲ. ಅಜ್ಜ ಅಲ್ಲಿಂದ ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು, ವಾರವಿಡೀ ಕಾರ್ಖಾನೆಯಲ್ಲಿ ದುಡಿದು, ಶನಿವಾರ ತನ್ನ ಊರಿನವರ ತಂಡದಲ್ಲಿ ರಗ್ಬಿ ಆಡುತ್ತಿದ್ದನಂತೆ. ಆಟ ಮುಗಿದ ಮೇಲೆ ಎಲ್ಲರೂ ಸೇರಿ ಊರಿನ ಹಾಡು ಹೇಳಿ ಅಳುತ್ತಿದ್ದರಂತೆ. ಅಪ್ಪ ಆಡಿದ್ದು ಸಂಬಳಕ್ಕೆ. ಕರೆದ ಊರಿಗೆ ಹೋಗಿ, ಅವರು ಕೊಟ್ಟ ಅಂಗಿ ತೊಟ್ಟು ಆಡಿದ. ಮನೆಯಲ್ಲಿ ಅಜ್ಜ ಸಮೋವಾ ಮಾತಿನಲ್ಲಿ ಬೈದರೆ ಅಪ್ಪ ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದ. ಮೂರನೆಯವನು ಈ ತವಿತ. ಪ್ರಾರ್ಥನೆ ಬರುತ್ತದೆ, ಪಂದ್ಯಕ್ಕೆ ಮುಂಚೆ ತೊಡೆ ತಟ್ಟಿ ಕುಣಿಯುವ ಕುಣಿತ ಬರುತ್ತದೆ, ಮಾತು ಬರುವುದಿಲ್ಲ. ಮೊಣಕಾಲು ಮುರಿದು ಆಟ ನಿಂತಿತು. ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿಗೆ ಬಂದ. ಅವನು ಆಡುವುದು ಇಂಗ್ಲಿಷು, ನಡುನಡುವೆ ನಮ್ಮಿಂದ ಕಲಿತ ಕನ್ನಡ. ನನಗೆ ನೆನಪಿರುವುದು ಮಾತ್ರ ನಮ್ಮ ಮಾತಿನಲ್ಲೇ, ಹಾಗೆಯೇ ಬರೆಯುತ್ತೇನೆ.

ಅವನನ್ನು ನೋಡಿ ನಗುವ ಅಧಿಕಾರ ನಮ್ಮ ಮನೆಗೇನೂ ಇಲ್ಲ. ನಮ್ಮ ಮನೆತನದ ಹೆಸರು ಸಾತಾರಾ ಕಡೆಯದು. ಯಾವ ಕಾಲದಲ್ಲಿ ಅಲ್ಲಿಂದ ಬಂದರೋ ದೇವರಿಗೇ ಗೊತ್ತು, ನಮ್ಮಲ್ಲಿ ಯಾರೂ ಸಾತಾರಾ ಕಂಡಿಲ್ಲ. ಅತ್ತೆ ದೇವರ ಜೊತೆ ಮರಾಠಿ ಆಡುತ್ತಿದ್ದರು, ಕಾಯಿಪಲ್ಲೆಯವಳ ಜೊತೆ ಕನ್ನಡ, ಆಟೋದವನ ಜೊತೆ ಉರ್ದು. ನಮ್ಮವರಿಗೆ ಮರಾಠಿ ತಿಳಿಯುತ್ತದೆ, ಉತ್ತರ ಕೊಡುವುದು ಕನ್ನಡದಲ್ಲಿ. ನಾನು ಲೆಕ್ಕವನ್ನಷ್ಟೇ ಮರಾಠಿಯಲ್ಲಿ ಮಾಡುತ್ತೇನೆ. ನಮ್ಮ ಮಗಳು ಮೇಘಾಳಿಗೆ ಮರಾಠಿಯಲ್ಲಿ ಬರುವುದು ಒಂದು ಆರತಿ ಮಾತ್ರ. ಅದರ ಅರ್ಥ ಕೇಳಿದರೆ "ಗಣಪತಿದು ಏನೋ ಅದ" ಎನ್ನುತ್ತಾಳೆ.

ಖೋಲಿ ಕೇಳಲು ತವಿತ ಬಂದ ದಿನ ಅತ್ತೆ ಈ ಕುರ್ಚಿಯಲ್ಲೇ ಕೂತು ವಿಚಾರಣೆ ನಡೆಸಿದರು. ನಾನು ದುಭಾಷಿ.

"ಮಾಂಸ ತಿಂತಾನೇನು ಕೇಳು."

ಕೇಳಿದೆ. ತಿನ್ನುತ್ತೇನೆ ಎಂದ. ನಾನು ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಬೇಕೆನ್ನುವಷ್ಟರಲ್ಲಿ ಅತ್ತೆಗೆ ಅರ್ಥವಾಗಿತ್ತು.

"ಹಿಂದ ಇದ್ದವ ದೇವರಾಣಿ ಇಲ್ಲ ಅಂತ ಹೇಳಿ ತತ್ತಿ ತಂದು ಕುದಿಸ್ತಿದ್ದ. ಇವ ಖರೆ ಹೇಳ್ಯಾನ. ಹೊರಗ ತಿಂದು ಬಾ ಅನ್ನು, ಇರಲಿ."

ಹೀಗೆ ಅವನು ಇದ್ದ. ಮೇಘಾಳನ್ನು ಬಿಟ್ಟು ಎಲ್ಲರೂ ಅತ್ತೆಯನ್ನು ಆಯಿ ಎನ್ನುತ್ತಿದ್ದೆವು. ಅವನೂ ಆಯಿ ಎಂದ. ನನ್ನನ್ನು ಪಕ್ಕದ ಮನೆಯವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಅವನಿಗೂ ನಾನು ವೈನಿಯಾದೆ.

ಒಂದು ಮುಂಜಾನೆ ಅವನ ಭುಜದ ಹಚ್ಚೆ ಅತ್ತೆಯ ಕಣ್ಣಿಗೆ ಬಿತ್ತು. ಭುಜದಿಂದ ಮೊಣಕೈವರೆಗೆ ಅಲೆ, ಹಲ್ಲು, ಬಾಣದಂಥ ಕಪ್ಪು ಗೆರೆಗಳು. ಇದರ ಅರ್ಥವೇನು ಎಂದು ಕೇಳಿಸಿದರು. ಅವನು ನಕ್ಕ.

"ನನಗೂ ಪೂರಾ ಗೊತ್ತಿಲ್ಲ ವೈನಿ. ತಂಡದವರೆಲ್ಲ ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ. ಅಜ್ಜ ನೋಡಿ, ಯಾರು ಬರೆದರು ಅಂತ ಕೇಳಿದ. ಅಂಗಡಿಯವನು ಅಂದೆ. ಹಂಗಾದರ ಅಂಗಡಿಯ ಕತಿ ಬರದಿರ್ತಾನ ಅಂದ."

ಅತ್ತೆ ಇದನ್ನು ಕೇಳಿ ಸೆರಗು ಸರಿಸಿ ತಮ್ಮ ತೋಳು ತೋರಿಸಿದರು. ಆಷಾಢ ಏಕಾದಶಿಗೆ ಸ್ವಾಮಿಗಳು ಕಾಸಿದ ಮುದ್ರೆ ಒತ್ತುತ್ತಾರಲ್ಲ, ಆ ಶಂಖ ಚಕ್ರದ ಗುರುತು. ವರ್ಷಾನುಗಟ್ಟಲೆ ಒತ್ತಿಸಿಕೊಂಡು ಚರ್ಮವೇ ಹಾಗಾಗಿತ್ತು. "ನಂದು ಅಂಗಡಿದಲ್ಲ ಅಂತ ಹೇಳವಗ" ಎಂದರು. ಅವನು ಬಗ್ಗಿ ಬಹಳ ಹೊತ್ತು ನೋಡಿದ. ನಿಮ್ಮ ತೋಳಿನಲ್ಲಿ ಎಲ್ಲಿದೆ ಎಂದು ನನ್ನನ್ನು ಕೇಳಿದ. ನನ್ನ ತೋಳಿನಲ್ಲಿ ಇರುವುದು ಸಣ್ಣವಳಿದ್ದಾಗ ದೇವಿ ಚುಚ್ಚುಮದ್ದು ಹಾಕಿಸಿದ ಕಲೆ ಮಾತ್ರ. ಮುದ್ರೆ ಬಿಸಿ ಎಂದು ನಾನು ಯಾವಾಗಲೂ ಸಾಲಿನ ಹಿಂದೆ ಹಿಂದೆ ಸರಿದು ಮನೆಗೆ ಬಂದವಳು. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಎದ್ದು ಹೋದೆ.

ಕಮಲಾಪುರದಲ್ಲಿ ನಮ್ಮ ಮೈದುನ ಕೆಂಪು ಬಾಳೆ ಬೆಳೆಯುತ್ತಾನೆ. ಒಮ್ಮೆ ಅಲ್ಲಿಂದ ಗೊನೆ ಬಂದಾಗ ತವಿತ ಅದನ್ನು ನೋಡಿ ನಿಂತುಬಿಟ್ಟ. ತನ್ನ ಊರಿನಲ್ಲಿ ಕೆಂಪು ಸಿಪ್ಪೆಯ ಬಾಳೆ ಇತ್ತೆಂದು ಅಜ್ಜಿ ಹೇಳುತ್ತಿದ್ದಳಂತೆ. ಮುದುಕಿಗೆ ಭ್ರಮೆ ಎಂದು ಅವನಪ್ಪ ನಗುತ್ತಿದ್ದನಂತೆ. ಅವನು ಕೂಡಲೇ ಅಜ್ಜಿಗೆ ವಿಡಿಯೊ ಕರೆ ಮಾಡಿ ಗೊನೆ ತೋರಿಸಿದ. ಅಲ್ಲಿಂದ ಆ ಮುದುಕಿ ಸಮೋವಾ ಮಾತಿನಲ್ಲಿ, ಇಲ್ಲಿಂದ ಈ ಮುದುಕಿ ಮರಾಠಿಯಲ್ಲಿ, ಅರ್ಧ ತಾಸು ಮಾತಾಡಿಕೊಂಡರು. ಆ ಮುದುಕಿಯ ಮಾತು ನಮಗೆ ಒಂದಕ್ಷರ ತಿಳಿಯಲಿಲ್ಲ. ಏನಂದರು ಎಂದು ಕೇಳಿದರೆ ಅತ್ತೆ, "ಆಕಿಗೂ ಮಳಕಾಲು ನೋವಂತ" ಎಂದರು.

ಹೋದ ವರ್ಷ ಸಂಕ್ರಾಂತಿಯ ಮುಂದೆ ಅತ್ತೆ ತೀರಿಕೊಂಡರು. ನನ್ನ ಕೈಯಲ್ಲೇ ಹೋದರು. ಇದನ್ನು ಬೇಗ ಬರೆದು ಮುಂದೆ ಹೋಗುತ್ತೇನೆ. ಕರ್ಮಾಂತರವೆಲ್ಲ ಕಮಲಾಪುರದ ನಮ್ಮ ಹಳೆಯ ಮನೆಯಲ್ಲೇ ಆಗಬೇಕೆಂದು ಅವರು ಹೇಳಿ ಇಟ್ಟಿದ್ದರು. ಕಲಬುರಗಿಯ ಹಳೆಯ ಓಣಿ ಬ್ರಹ್ಮಪುರದ ನಮ್ಮ ಆಚಾರ್ರು, ಅಂದರೆ ನಮ್ಮ ಮನೆಯ ಪುರೋಹಿತರು, ಅಲ್ಲಿಗೇ ಬಂದು ಇಳಿದುಕೊಂಡಿದ್ದರು.

ಹನ್ನೆರಡನೆಯ ದಿನ ಶಯ್ಯಾದಾನ. ಹೋದವರು ಮೇಲೆ ನೆಲದ ಮೇಲೆ ಮಲಗಬಾರದೆಂದು ಅವರ ಹೆಸರಿನಲ್ಲಿ ಮಂಚ, ಗಾದಿ, ಛತ್ರಿ, ಚಪ್ಪಲಿ ಎಲ್ಲ ಪುರೋಹಿತರಿಗೆ ಕೊಡುವ ಪದ್ಧತಿ. ಬ್ರಹ್ಮಪುರದಲ್ಲಿ ನಾಲ್ಕು ಕಾಲಿಗೆ ನಾಲ್ಕು ಬಣ್ಣದ ಒಂದು ಮಂಚವಿದೆ. ನಮ್ಮಪ್ಪನ ಹೆಸರಿನಲ್ಲಿ ದಾನವಾದದ್ದು ಅದೇ, ಅತ್ತೆಯ ದಾನಕ್ಕೆ ಬಂದದ್ದೂ ಅದೇ. ಪ್ರತಿ ಸಲವೂ ಆಚಾರ್ರ ಮನೆಗೆ ಹೋಗುತ್ತದೆ, ಮತ್ತೆ ಯಾರೋ ಹೋದಾಗ ಟಂಟಂ ಆಟೋ ಹತ್ತಿ ಬರುತ್ತದೆ. ಈ ಲೆಕ್ಕದಲ್ಲಿ ಮೇಲೆ ಆ ಒಂದು ಮಂಚದ ಮೇಲೆ ಬ್ರಹ್ಮಪುರದ ಎಷ್ಟು ಜನ ಇಕ್ಕಟ್ಟಾಗಿ ಮಲಗಿದ್ದಾರೋ ಎಂದು ನಾನು ಒಮ್ಮೆ ಅತ್ತೆಗೇ ಹೇಳಿದ್ದೆ. ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದರು.

ಆ ದಿನ ಆಚಾರ್ರು ಒಂದೊಂದೇ ನೋಡುತ್ತ ಬಂದರು. "ಮಂಚ ಆತು, ಗಾದಿ ಆತು, ದಿಂಬು, ಛತ್ರಿ, ಚೊಂಬು, ದೀಪ. ಚಾಪಿ ಎಲ್ಲದರಿ?"

ನಮ್ಮವರು ಮೈದುನನ ಮುಖ ನೋಡಿದರು. ಮೈದುನ ನನ್ನ ಮುಖ ನೋಡಿದ. ಮನೆಯಲ್ಲಿದ್ದ ಚಾಪೆಗಳೆಲ್ಲ ಬಳಸಿದವು. ದಾನಕ್ಕೆ ಹೊಸದೇ ಆಗಬೇಕು.

"ಇಷ್ಟೆಲ್ಲ ಮಾಡಿ ಒಂದು ಚಾಪಿ ಮರತೀರಲ್ರಿ" ಎಂದು ಆಚಾರ್ರು ಅನ್ನುವುದಕ್ಕೂ, ಬಾಗಿಲಲ್ಲಿ ತವಿತ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಬಿಳಿ ಅಂಗಿ, ಸೊಂಟಕ್ಕೆ ಲುಂಗಿಯಂಥ ಕಪ್ಪು ಬಟ್ಟೆ, ಬರಿಗಾಲು. ಎರಡೂ ಕೈಯಲ್ಲಿ ಎದೆಯ ಮುಂದೆ ಪೂರ್ತಿ ಬಿಡಿಸಿ ಹಿಡಿದ ಒಂದು ಚಾಪೆ. ಅದರ ಅಂಚಿಗೆ ಕೆಂಪು ಗರಿ. ತಲೆ ಬಗ್ಗಿಸಿ ಒಂದೊಂದೇ ಹೆಜ್ಜೆ ಇಡುತ್ತ ಅಂಗಳ ದಾಟಿ ಬಂದ. ನೆಂಟರೆಲ್ಲ ಸರಿದು ದಾರಿ ಬಿಟ್ಟರು.

"ನೋಡ್ರಿ, ಮುದುಕಿ ತಾನೇ ಕಳಿಸಿಕೊಟ್ಟಾಳ" ಎಂದರು ಆಚಾರ್ರು.

ನಮ್ಮವರು ಅದನ್ನು ಎರಡೂ ಕೈಯಿಂದ ಇಸಿದುಕೊಂಡು ನೆಟ್ಟಗೆ ಮಂಚದ ಮೇಲೆ ಹಾಸಿದರು. ತುಳಸಿ ನೀರು ಬಿತ್ತು, ಮಂತ್ರವಾಯಿತು. ಚಾಪೆ ರೇಷ್ಮೆಯ ಹಾಗೆ ನಯವಾಗಿತ್ತು. ಆಚಾರ್ರು ಅದನ್ನು ಮುಟ್ಟಿ ನೋಡಿ, ತಲೆಗೆ ಒತ್ತಿಕೊಂಡು, ದಾನ ತೆಗೆದುಕೊಂಡರು. ಮೂಲೆಯಲ್ಲಿ ತವಿತ ಕಣ್ಣು ತುಂಬಿಕೊಂಡು ನಿಂತಿದ್ದ. ತನ್ನ ಚಾಪೆಗೆ ಇಷ್ಟು ಮರ್ಯಾದೆ ಸಿಕ್ಕೀತೆಂದು ಅವನು ಎಣಿಸಿರಲಿಲ್ಲ. ಅವನು ಶಾಲೆಗೆ ಹೋದ ಮೇಲೆ, ಸಂಜೆ ಟಂಟಂ ಬಂದು ಮಂಚ, ಗಾದಿ, ಚಾಪೆ ಎಲ್ಲ ಹೊತ್ತು ಬ್ರಹ್ಮಪುರಕ್ಕೆ ಹೋಯಿತು.

ಕಲಬುರಗಿಗೆ ವಾಪಸು ಬಂದ ಮೇಲೆ ತವಿತ ಕೇಳಿದ, "ವೈನಿ, ಅದನ್ನ ಎಲ್ಲಿ ತೂಗು ಹಾಕ್ತೀರಿ?"

"ಯಾವುದನ್ನ?"

"ಚಾಪೆ."

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರಬೇಕಾದ ಹೊತ್ತಿನಲ್ಲಿಯೂ ಬರುವುದಿಲ್ಲ. "ಅದು ಆಚಾರ್ರಿಗಿ ಹೋತಲ್ಲಪಾ. ದಾನ ಆತು" ಎಂದುಬಿಟ್ಟರು.

ಅವನು ಮೆಟ್ಟಿಲ ಮೇಲೆ ಕೂತ. ಆಗ ಒಂದೊಂದೇ ಹೊರಬಂತು. ಅದು ಮಲಗುವ ಚಾಪೆಯಲ್ಲ. ಎಲೆಯನ್ನು ದಾರದಷ್ಟು ಸಣ್ಣಗೆ ಸೀಳಿ ಅವನ ಅಜ್ಜಿಯ ತಾಯಿ ವರ್ಷಗಟ್ಟಲೆ ಕೂತು ಹೆಣೆದದ್ದು. ಅವರಲ್ಲಿ ಸಾವಿಗೆ, ಮದುವೆಗೆ ಇಂಥ ಚಾಪೆಯನ್ನು ಎಲ್ಲರ ಎದುರು ಬಿಡಿಸಿ ಹಿಡಿದು ಒಯ್ದು ಕೊಡುತ್ತಾರೆ. ಅವನು ಭಾರತಕ್ಕೆ ಹೊರಟಾಗ ಅಜ್ಜಿ ಅದನ್ನು ಕೈಗಿಟ್ಟು, ನಿನ್ನವರು ಯಾರಾದರೂ ಹೋದರೆ ಬರಿಗೈಲಿ ನಿಲ್ಲಬೇಡ ಎಂದಿದ್ದಳು. ಹೇಗೆ ಹಿಡಿದು ನಡೆಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಯಾರದೋ ಸಾವಿನ ವಿಡಿಯೊ ನೋಡಿ, ಮಾಳಿಗೆಯ ಮೇಲೆ ಬೆಡ್‌ಶೀಟ್ ಹಿಡಿದು ನಡೆದು ನಡೆದು ಕಲಿತಿದ್ದ.

ನಿನ್ನವರು ಎಂದರೆ ನಮ್ಮತ್ತೆ. ಆ ಮಾತು ನನ್ನ ಎದೆಗೆ ನಾಟಿತು.

ಆಮೇಲೆ ಫೋನುಗಳಾದವು. ಅವನಪ್ಪ ಕೂಗಾಡಿದ್ದು ಕೆಳಗಿನವರೆಗೆ ಕೇಳಿಸಿತು. ಗಾಜು ಹಾಕಿಸಿ ಗೋಡೆಗೆ ಇಡಬೇಕಾದದ್ದನ್ನು ಯಾರಿಗೋ ಕೊಟ್ಟುಬಿಟ್ಟೆಯಾ ಎಂದು. ಅಜ್ಜಿ ಮಾತ್ರ ಎರಡೇ ಪ್ರಶ್ನೆ ಕೇಳಿದಳಂತೆ. ಎಲ್ಲರ ಎದುರು ತೆಗೆದುಕೊಂಡರೋ, ತಲೆಗೆ ಮುಟ್ಟಿಸಿಕೊಂಡರೋ. ಹೌದು ಎಂದನಂತೆ. ಹಾಗಾದರೆ ಇನ್ನೇನು, ನಮ್ಮಲ್ಲೂ ಪಾದ್ರಿಗೆ ಕೊಡುತ್ತೇವಲ್ಲ ಎಂದಳಂತೆ.

ಮುದುಕಿ ಸಮಾಧಾನ ಮಾಡಿಕೊಂಡಳು. ಹುಡುಗ ಮಾಡಿಕೊಳ್ಳಲಿಲ್ಲ. "ಅಜ್ಜಿಗೆ ಕೊಡೂದು ಗೊತ್ತದ. ಅಪ್ಪಗ ಇಡೂದು ಗೊತ್ತದ. ನನಗ ಏನು ಗೊತ್ತದ, ವೈನಿ?" ಎಂದ. ನನ್ನ ಕತೆಯೂ ಅದೇ. ಆಗ ಅತ್ತೆಯ ಸೀರೆ ಟ್ರಂಕಿನಲ್ಲಿತ್ತು. ಉಡಲು ನನಗೆ ಕಚ್ಚೆ ಹಾಕಲು ಬರುವುದಿಲ್ಲ, ಕೊಡಲು ಮನಸ್ಸು ಬರುವುದಿಲ್ಲ. ಡಾಂಬರು ಗುಳಿಗೆ ಬದಲಾಯಿಸುವುದೊಂದೇ ನಾನು ಅದಕ್ಕೆ ಮಾಡುತ್ತಿದ್ದ ಸೇವೆ.

ಆ ಬೇಸಿಗೆಯಲ್ಲಿ ಒಂದು ದಿನ ತವಿತ ಗಾಡಿ ನಿಲ್ಲಿಸಿ ಒಳಗೆ ಬಂದವನು ಊಟ ಬೇಡವೆಂದ. ಏನಾಯಿತು ಎಂದು ಬಹಳ ಕೇಳಿದ ಮೇಲೆ ಹೇಳಿದ. ಬ್ರಹ್ಮಪುರದ ಓಣಿಯಲ್ಲಿ ಹಾದು ಬರುವಾಗ ಆಚಾರ್ರ ಮಾಳಿಗೆಯ ಮೇಲೆ ಕೆಂಪು ಗರಿ ಕಂಡಿತಂತೆ. "ಚಾಪೆ ಬಿಸಿಲಿಗೆ ಹಾಸ್ಯಾರ, ವೈನಿ. ಅದರ ಮ್ಯಾಲೆ ಬಿಳಿ ಬಿಳಿ ಏನೋ ಉಂಡಿ ಇಟ್ಟಾರ."

ಸಂಡಿಗೆ. ಆಚಾರ್ರ ಹೆಂಡತಿಯ ಇಂಗು ಜೀರಿಗೆಯ ಸಂಡಿಗೆ ಇಡೀ ಬ್ರಹ್ಮಪುರದಲ್ಲಿ ಪ್ರಸಿದ್ಧ. ನಾವು ಪ್ರತಿ ವರ್ಷ ತರಿಸುತ್ತೇವೆ. ಆ ವರ್ಷವೂ ಡಬ್ಬಿ ಬಂತು; ನಾನು ಅದನ್ನು ತವಿತನಿಗೆ ಕಾಣದಂತೆ ಮೇಲಿನ ಕಪಾಟಿನಲ್ಲಿಟ್ಟೆ.

ಶ್ರಾವಣದಲ್ಲಿ ಅವನ ಅಜ್ಜ ತೀರಿಕೊಂಡ.

ಸುದ್ದಿ ಬಂದ ಮಧ್ಯಾಹ್ನ ಅವನು ಚೀಲ ತುಂಬುತ್ತಿದ್ದ. ಮರುದಿನ ಮುಂಜಾನೆ ಹೈದರಾಬಾದಿಗೆ ಹೊರಟು ಅಲ್ಲಿಂದ ವಿಮಾನ. ಚಾಪೆಯ ಮಾತನ್ನೇ ಎತ್ತಲಿಲ್ಲ. ನಾನೇ ಎತ್ತಿದೆ. ಮೊಮ್ಮಗ ಬರಿಗೈಯಲ್ಲಿ ಹೋದರೆ ನಡೆಯುತ್ತದೆಯೇ ಎಂದೆ.

"ಆಕ್ಲೆಂಡಿನಾಗ ಅಂಗಡ್ಯಾಗ ಸಿಗ್ತಾವ. ಅಪ್ಪ ಒಂದು ಕೊಂಡು ಇಟ್ಟಾನಂತ" ಎಂದ. ಚೀಲದ ಬಾಯಿ ಕಟ್ಟುತ್ತ, "ಅಂಗಡಿದು" ಎಂದ. ಅಜ್ಜ ಅವನ ಹಚ್ಚೆಗೆ ಹೇಳಿದ ಮಾತು ಇಬ್ಬರಿಗೂ ನೆನಪಾಯಿತು. ಅವನು ಗೋಡೆಯ ಕಡೆ ತಿರುಗಿ ಅತ್ತ. ಅಷ್ಟು ದೊಡ್ಡ ಆಳು ಅಳುವುದನ್ನು ನೋಡುತ್ತ ನಿಲ್ಲಲಾರದೆ ಕೆಳಗಿಳಿದೆ.

ಚಪ್ಪಲಿ ಮೆಟ್ಟಿಕೊಂಡು ಬ್ರಹ್ಮಪುರಕ್ಕೆ ನಡೆದೆ. ದಾರಿಯುದ್ದಕ್ಕೂ ಹೇಗೆ ಕೇಳಬೇಕೆಂದು ಮಾತು ಜೋಡಿಸಿಕೊಂಡೆ. ಆಚಾರ್ರ ಎದುರು ಕೂತಾಗ ಒಂದೂ ನೆನಪಿಗೆ ಬರಲಿಲ್ಲ. ಚಾಪೆಯ ಕತೆ, ಅಜ್ಜಿಯ ಕತೆ, ಸತ್ತ ಅಜ್ಜನ ಕತೆ ಎಲ್ಲ ಹಿಂದು ಮುಂದು ಮಾಡಿ ಹೇಳಿದೆ.

"ತಿರುಗಿ ಬೇಡಾಕ ಬಂದೀರೇನು?" ಎಂದರು.

"ಇಲ್ರಿ. ಹಿಂಗ ಆಗ್ಯದ ಅಂತ ಹೇಳಾಕ ಬಂದೆ."

"ಹೇಳೂದು ಬ್ಯಾರೆ, ಬೇಡೂದು ಬ್ಯಾರೆ ಅಂತೀರಿ." ಅವರು ಮೀಸೆಯಿಲ್ಲದ ತುಟಿ ಸವರಿಕೊಂಡರು. "ಕೊಟ್ಟದ್ದು ತಿರುಗಿ ತಗೊಂಡರ ದೋಷ ನಿಮಗ. ಅದು ಇರಲಿ. ನಿಮ್ಮತ್ತಿ ಹೆಸರಿಲೆ ಹಾಸಿದ್ದು ಅದು. ಎಳಕೊಂಡರ ಆಕಿ ಅಲ್ಲಿ ಚಾಪಿ ಇಲ್ಲದ ಮಂಚದ ಮ್ಯಾಲೆ ಮಲಗಬೇಕೇನು?"

ಇವರು ಹೇಳುವುದನ್ನೆಲ್ಲ ನಾನು ನಂಬುತ್ತೇನೆಯೇ ಎಂದು ನೀವು ಕೇಳಿದರೆ, ಹಗಲಿನಲ್ಲಿ ನಂಬುವುದಿಲ್ಲ. ಆದರೆ ಅತ್ತೆಯ ಬೆನ್ನು ನೋವು ನನಗೆ ಗೊತ್ತಿತ್ತು. ಚಾಪೆ ಎಳೆದ ಮಂಚದ ಮೇಲೆ ಅವರು ಮಗ್ಗುಲು ಬದಲಿಸುವುದು ಕಣ್ಣಿಗೆ ಕಟ್ಟಿತು. ಒಂದು ಕಡೆ ಅವರು, ಒಂದು ಕಡೆ ಬರಿಗೈಯ ಹುಡುಗ. ನಮಸ್ಕಾರ ಮಾಡಿ ಎದ್ದು ಬಂದೆ. ಮನೆಯಲ್ಲಿ ನಮ್ಮವರು ಸೂಪರ್ ಬಜಾರಿನಲ್ಲಿ ಛಲೋ ಚಾಪೆ ಸಿಗುತ್ತವೆ, ನವಿಲಿನ ಚಿತ್ರ ಇರುವವು ಎಂದರು. ಅವರಿಗೆ ಆ ದಿನ ರಾತ್ರಿ ಬರೀ ಮಜ್ಜಿಗೆ ಅನ್ನ ಹಾಕಿದೆ.

ಮರುದಿನ ಬೆಳಕು ಹರಿಯುವಾಗ ಗೇಟಿನ ಸಪ್ಪಳವಾಯಿತು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಆಚಾರ್ರು, ಮಡಿ ಉಟ್ಟವರು, ಬರಿಗಾಲಿನಲ್ಲಿ, ಎದೆಯ ಮುಂದೆ ಆ ಚಾಪೆಯನ್ನು ಪೂರ್ತಿ ಬಿಡಿಸಿ ಹಿಡಿದು ನಡೆದು ಬರುತ್ತಿದ್ದರು. ಕುಳ್ಳಗಿನ ಆಳು, ಅವರ ಕಾಲಿನ ಬೆರಳುಗಳಷ್ಟೇ ಕಾಣುತ್ತಿದ್ದವು. ಅವರು ಎಂದೂ ಹತ್ತದ ಮೆಟ್ಟಿಲು ಹತ್ತಿ, ಸೂತಕದ ಖೋಲಿಯ ಬಾಗಿಲಲ್ಲಿ ನಿಂತರು.

"ನಿಮ್ಮ ಅಜ್ಜಾರು ಹೋದರಂತ ಕೇಳಿದೆ" ಎಂದರು ತವಿತನಿಗೆ, ಕನ್ನಡದಲ್ಲೇ. "ಇದು ತಿರುಗಿ ಕೊಡೂದಲ್ಲ. ಇದು ನಮ್ಮ ಮನಿಯಿಂದ ನಿಮ್ಮ ಮನಿಗಿ."

ತವಿತ ಎರಡೂ ಕೈ ಚಾಚಿ ತೆಗೆದುಕೊಂಡು ತಲೆಗೆ ಮುಟ್ಟಿಸಿಕೊಂಡ. ಆಚಾರ್ರು ನನ್ನ ಕಡೆ ತಿರುಗಿ, "ನಿಮ್ಮತ್ತಿಗಿ ಬ್ಯಾರೆ ಚಾಪಿ ಸಂಕಲ್ಪ ಮಾಡೀನಿ. ಚಿಂತಿ ಬ್ಯಾಡ" ಎಂದರು. ಮತ್ತೆ ಸ್ನಾನ ಮಾಡಬೇಕಲ್ಲ ಎಂದು ಅವಸರದಲ್ಲಿ ಇಳಿದು ಹೋದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅವನು ವಾಪಸು ಬಂದಾಗ ಕೈಯಲ್ಲಿ ಚಾಪೆ ಇರಲಿಲ್ಲ. ನಾನು ಕೇಳುವ ಮೊದಲೇ ಹೇಳಿದ. ದೊಡ್ಡ ಸಭಾಂಗಣದಲ್ಲಿ ಚಾಪೆಗಳು ಒಂದೊಂದೇ ಬರುವಾಗ, ಯಾವುದು ಯಾರ ಮನೆಯದು ಎಂದು ಒಬ್ಬ ಹಿರಿಯ ಎತ್ತರದ ದನಿಯಲ್ಲಿ ಕೂಗುತ್ತಾನಂತೆ. ಇವನ ಸರದಿ ಬಂದಾಗ, ಭಾರತದ ಬ್ರಹ್ಮಪುರದ ಆಚಾರ್ರಿಂದ, ಕಮಲಾಪುರದ ಆಯಿಯ ಮನೆಯಿಂದ ಎಂದು ಕೂಗಿದರಂತೆ. ಅಜ್ಜಿ ಚಾಪೆ ಹಿಡಿದು ಮೂಸಿ ನೋಡಿ, ಇದೇನು ವಾಸನೆ ಎಂದಳಂತೆ. ಇಂಗು ಎಂದರೆ ಅವಳಿಗೇನು ತಿಳಿಯಬೇಕು? ಗಾಜು ಹಾಕಿಸಬೇಕೆಂದಿದ್ದ ಅಪ್ಪ ಮಾತ್ರ ಅದನ್ನು ನೋಡಿ ಮಕ್ಕಳ ಹಾಗೆ ಅತ್ತನಂತೆ.

"ಈಗ ಎಲ್ಲದ ಅದು?" ಎಂದೆ.

"ಅಜ್ಜನ ಊರಿನವರು ಬಂದಿದ್ದರು. ಅಜ್ಜಿ ಅವರಿಗೆ ಕೊಟ್ಟಳು. ನಾನು ನೋಡದ ಊರಿಗೆ ಹೋತು, ವೈನಿ." ಅವನ ಮುಖದಲ್ಲಿ ದುಃಖವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಆ ದಿನ ನಾನು ಸಂಡಿಗೆ ಕರಿದೆ. ಅವನು ಒಂದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿ, ಆಮೇಲೆ ತಟ್ಟೆ ಪೂರ್ತಿ ಖಾಲಿ ಮಾಡಿದ.

ಈಗ ವರ್ಷ ತುಂಬಿದೆ. ಅಜ್ಜನ ಸಮಾಧಿಗೆ ಕಲ್ಲು ನಿಲ್ಲಿಸುತ್ತಾರಂತೆ. ಮೊನ್ನೆ ಅಜ್ಜಿ ಫೋನಿನಲ್ಲಿ, ಆ ಕೆಂಪು ಬಾಳೆಹಣ್ಣಿನ ಮುದುಕಿಯ ಮನೆಯಿಂದ ಯಾರಾದರೂ ಬರುತ್ತಾರಾ ಎಂದು ಕೇಳಿದಳಂತೆ. ಏನಾದರೂ ಬರುತ್ತದೆಯೇ ಎಂದಲ್ಲ, ಯಾರಾದರೂ ಬರುತ್ತಾರೆಯೇ ಎಂದು. ನಾನು ಟ್ರಂಕು ತೆರೆದು ಸೀರೆ ಹೊರಗೆ ತೆಗೆದೆ. ಅಲ್ಲಿ ಚಾಪೆಯ ಜೊತೆ ಬಟ್ಟೆಯೂ ಕೊಡುತ್ತಾರೆ ಎಂದು ತವಿತ ಹಿಂದೆ ಹೇಳಿದ್ದ. ಆದರೆ ಅವನೂ ನಮ್ಮವರ ಹಾಗೆ, ಸುಳ್ಳು ಬಾರದವನು. "ಅಜ್ಜಿ ಉಡೂದಿಲ್ಲ ವೈನಿ. ಕತ್ತರಿಸಿ ಬಂದ ಹೆಂಗಸರಿಗೆಲ್ಲ ಒಂದೊಂದು ತುಂಡು ಕೊಡ್ತಾಳ" ಎಂದ. ಅಲ್ಲಿಂದ ಸೀರೆ ಕುರ್ಚಿಗೆ ಬಂತು.

ಮೇಘಾ ಅಂತೂ ಕಣ್ಣು ಕೆಂಪಗೆ ಮಾಡಿದಳು. "ಅಜ್ಜಿದು ಅದೊಂದೇ ಉಳದದ ಅಮ್ಮಾ. ಸೆರಗಿಗೆ ಗಾಜು ಹಾಕಿಸಿ ಗೋಡಿಗಿ ಹಚ್ಚೋಣ. ನನಗ ಬೇಕು." ಅವಳು ಹೇಳುವುದು ತಪ್ಪೇ? ಆರತಿಯ ಅರ್ಥ ಗೊತ್ತಿಲ್ಲದ ಹುಡುಗಿ ಗೋಡೆಗಾದರೂ ಹಚ್ಚಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ. ಅದನ್ನೂ ಕಸಿದುಕೊಂಡರೆ ಅವಳಿಗೆ ಉಳಿಯುವುದೇನು? ಕೊಟ್ಟರೆ ಹೋಗುತ್ತದೆ, ಇಟ್ಟರೆ ಹುಳ ತಿನ್ನುತ್ತದೆ. ಆ ಮುದುಕಿಯ ಕತ್ತರಿಯ ಸಪ್ಪಳ ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಅರ್ಧ ಕತ್ತರಿಸಿ ಮೇಘಾಳಿಗೆ ಅರ್ಧ, ಅವರಿಗೆ ಅರ್ಧ ಕೊಡು ಎಂದು ನಮ್ಮವರು ಪರಿಹಾರ ಸೂಚಿಸಿದ್ದಾರೆ. ಅವರಿಗೆ ಇಂದೂ ಮಜ್ಜಿಗೆ ಅನ್ನವೇ.

ಇಷ್ಟು ಬರೆಯುವಷ್ಟರಲ್ಲಿ ತವಿತ ಇಳಿದು ಬಂದ. ಚೀಲ ತುಂಬಿ ಮುಗಿಯಿತಂತೆ. ಸೀರೆಯ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ನಿಂತು, "ವೈನಿ, ಒಂದು ಕೇಳೂದು ಮರತಿದ್ದೆ" ಎಂದ. "ಹೋದ ಸಲ ಅಲ್ಲಿ ಕಮಲಾಪುರದ ಆಯಿ ಅಂತ ಕೂಗಿದರು. ಆಯಿ ಅಂದರ ತಾಯಿ ಅಂತ ನನಗ ಈಗ ಗೊತ್ತಾಗ್ಯದ. ಅಜ್ಜನ ಕಲ್ಲಿನ ಮುಂದ ನಿಮ್ಮ ಮನೆಯನ್ನೂ ನೆನೀತಾರ. ಅವರ ಹೆಸರು ಏನಿತ್ತು?"

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಸೊಸೆ ಅತ್ತೆಯ ಹೆಸರು ಹಿಡಿಯಬಾರದು. ಮಕ್ಕಳು ಆಯಿ ಎಂದರು, ಮೊಮ್ಮಗಳು ಅಜ್ಜಿ ಎಂದಳು. ಆ ಹೆಸರನ್ನು ಕಡೆಯ ಸಲ ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ವರ್ಷದ ತಿಥಿಯ ದಿನ, ಆಚಾರ್ರು, ಮಂತ್ರದ ನಡುವೆ. ಮೇಘಾಳಿಗೆ ಆ ಹೆಸರು ಗೊತ್ತೋ ಇಲ್ಲವೋ, ನನಗೆ ಅನುಮಾನ.

ಕುರ್ಚಿಯ ಮೇಲಿಂದ ಸೀರೆ ಎತ್ತಿಕೊಂಡೆ. ಸರಿಯೋ ತಪ್ಪೋ, ಈಗಲೂ ಗೊತ್ತಿಲ್ಲ. ಅವನ ಕೈಗೆ ಇಟ್ಟೆ. ಅವನು ಅದನ್ನು ತಲೆಗೆ ಮುಟ್ಟಿಸಿಕೊಂಡ.

"ಯಮುನಾ" ಎಂದೆ. ದನಿ ಸಣ್ಣಗೆ ಬಂತು. ಮತ್ತೆ ಹೇಳಿದೆ. "ಕಮಲಾಪುರದ ಯಮುನಾಬಾಯಿ."

ಅವನು ತಪ್ಪಬಾರದೆಂದು ನನ್ನ ತುಟಿ ನೋಡುತ್ತ, ಆ ಸಭಾಂಗಣಕ್ಕೆ ಕೇಳಿಸಬೇಕೆನ್ನುವಷ್ಟು ದೊಡ್ಡ ದನಿಯಲ್ಲಿ ಹೇಳಿದ. "ಕಮಲಾಪುರದ ಯಮುನಾಬಾಯಿ."

ಒಳಗಿನ ಖೋಲಿಯಿಂದ ನಮ್ಮವರು ಎದ್ದು ಬರುವ ಸಪ್ಪಳವಾಯಿತು. "ಯಾರು ಬಂದಾರ?" ಎಂದು ಕೇಳಿದರು. "ಆಯಿನ್ನ ಹೆಸರು ಹಿಡದು ಯಾರು ಕರಿಯಾಕತ್ತಾರ?"